ತಂಗಡಿ ತೊಗಟೆಯ ಕೆಮಿಸ್ಟ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕುಂದುರ್ಪಿ ಹುಡುಗರನ್ನ ಕೇಳಿ ನೋಡಿ. "ಕೆಮಿಸ್ಟ್ರಿ ನಮ್ಮ ತಲೆಗೆ ಹತ್ತಲ್ಲಣ್ಣ" ಅಂತಾರೆ. ಆ ಭಯಕ್ಕೇ ಇಂಟರ್‌ನಲ್ಲಿ ಎಂ.ಪಿ.ಸಿ., ಬೈ.ಪಿ.ಸಿ. ಬಿಡುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ: ತೊಗಲು ಹದ ಮಾಡುತ್ತಿದ್ದ ನಮ್ಮ ತಾತಂದಿರ ಕೈಯಲ್ಲಿ ಇದ್ದದ್ದು ಇದೇ ವಿದ್ಯೆ.

ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತೆ, ಒಣಗಿಸಿದರೆ ಹಲಗೆ ಆಗುತ್ತೆ. ಅದಕ್ಕೆ ಮೊದಲು ಸುಣ್ಣದ ನೀರಿಗೆ ಹಾಕುತ್ತಿದ್ದರು. ಕೂದಲಿನಲ್ಲಿ ಗಂಧಕದ ಎರಡು ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕೂಡಿರುತ್ತವೆ. ಇದು ಸಹವೇಲೆನ್ಸಿ ಬಂಧ, ಗಟ್ಟಿ ಬಂಧ. ಸುಣ್ಣ ಅದನ್ನೇ ಮುರಿಯುತ್ತೆ, ಕೂದಲು ಸಡಿಲಾಗಿ ಬಿಟ್ಟುಬರುತ್ತೆ.

ಆಮೇಲೆ ತಂಗಡಿ ತೊಗಟೆಯ ರಸ. ಬೀಳು ಹೊಲದಲ್ಲಿ ಹಳದಿ ಹೂ ಬಿಡುತ್ತಲ್ಲ, ತೆಲುಗಿನವರು ತಂಗೇಡು ಅಂತಾರಲ್ಲ, ಅದೇ ಗಿಡ. ಅದರ ತೊಗಟೆಯಲ್ಲಿ ಟ್ಯಾನಿನ್ ಇದೆ. ತೊಗಲಿನ ನಾರಿನ ಹೆಸರು ಕೊಲ್ಯಾಜೆನ್. ಟ್ಯಾನಿನ್ ಅಣುವಿನ ಮೈತುಂಬಾ ಆಮ್ಲಜನಕ-ಜಲಜನಕದ ಜೋಡಿಗಳು. ಆ ಜಲಜನಕ ನಾರಿನಲ್ಲಿರುವ ಆಮ್ಲಜನಕದ ಕಡೆ ವಾಲಿ ಹಿಡಿದುಕೊಳ್ಳುತ್ತೆ. ಇದೇ ಹೈಡ್ರೋಜನ್ ಬಂಧ. ನೀರಿನಲ್ಲಿ ಒಂದು ಅಣು ಇನ್ನೊಂದನ್ನು ಹಿಡಿದಿರೋದೂ ಇದರಿಂದಲೇ. ಒಂಟಿಯಾಗಿ ಇದು ಬಡಕಲು, ಸಹವೇಲೆನ್ಸಿ ಬಂಧದ ಹತ್ತನೇ ಒಂದು ಪಾಲೂ ಸಾಮಾನ್ಯವಾಗಿ ಇರಲ್ಲ. ಆದರೆ ಅಂಥವು ಸಾವಿರಾರು ಕೂಡಿದರೆ ತೊಗಲು ಚರ್ಮ ಆಗುತ್ತೆ, ಕೊಳೆಯಲ್ಲ. ಹಸಿ ತೊಗಲು ಸುಮಾರು 60-65 ಡಿಗ್ರಿ ಬಿಸಿನೀರಿಗೇ ಮುದುಡುತ್ತೆ. ತೊಗಟೆಯಲ್ಲಿ ಹದವಾದದ್ದು 75 ಡಿಗ್ರಿವರೆಗೂ ತಡೆಯುತ್ತೆ.

1884ರಲ್ಲಿ ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಕ್ರೋಮಿಯಂನಿಂದ ಚರ್ಮ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮದ್ರಾಸಿನಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಇದೇ ವಿಷಯಕ್ಕೆ ಡಾಕ್ಟರೇಟ್ ಮಾಡುತ್ತಾರೆ. ನಮ್ಮ ತಾತಂದಿರಿಗೆ ಸಿಕ್ಕಿದ್ದು ಮಾತ್ರ ಊರಾಚೆಯ ಕೇರಿ.

ಹಾಗಂತ ಮತ್ತೆ ಸುಣ್ಣದ ಗುಂಡಿಗೆ ಇಳಿಯಿರಿ ಅಂತ ನಾನು ಹೇಳಲ್ಲ. ಸತ್ತ ದನ ಎಳೆಯೋದು ಬಿಡಿ, ಓದಿ ಅಂತ ಬಾಬಾಸಾಹೇಬರೇ ಹೇಳಿದರು. ಕೆಲಸ ಬಿಡೋಣ, ಅದರೊಳಗಿದ್ದ ಬುದ್ಧಿಯನ್ನ ಬಿಡೋದು ಬೇಡ. ತಾಯಂದಿರೇ, ಹೆಣ್ಣುಮಕ್ಕಳು ಸೈನ್ಸ್ ತಗೋತೀನಿ ಅಂದರೆ ತಡೆಯಬೇಡಿ. ಓದಿಕೊಂಡಿರೋ ಅಣ್ಣಂದಿರೇ, ಭಾನುವಾರ ಎರಡು ಗಂಟೆ ಈ ಸಂಘದಲ್ಲಿ ಕೂತು ಚಿಕ್ಕವರಿಗೆ ಪಾಠ ಹೇಳಿ. ಮೊದಲ ಭಾನುವಾರ ನಾನೇ ಬರುತ್ತೇನೆ, ಒಂದು ಹಿಡಿ ತಂಗಡಿ ತೊಗಟೆ ತಗೊಂಡು.

ಜೈ ಭೀಮ್.