ಓಣಿಯೊಳಗೆ ಜೇನು ಪೆಟ್ಟಿಗೆ: ನಾವೇ ಹಾಕಿಕೊಳ್ಳಬೇಕಾದ ಕಟ್ಟಳೆ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತು ಇವತ್ತು ಎಲ್ಲರೂ ಆಡಿದ್ದಾರೆ. ನಾವು ಜೇನುಹುಳದ ಬಗ್ಗೆ ಎರಡು ಮಾತು ಹೇಳುತ್ತೇವೆ.

ಸೂರ್ಯಪಾನ ಹೂವಾದಾಗ ಹುಳ ಬರದಿದ್ದರೆ ಕಾಳು ಜೊಳ್ಳಾಗುತ್ತದೆ. ಉಳ್ಳಾಗಡ್ಡಿ ಬೀಜಕ್ಕೂ ಹುಳ ಬೇಕು. ಹೀಗಾಗಿ ಜೇನು ಬರೇ ತುಪ್ಪದ ಮಾತಲ್ಲ, ಬೆಳೆಯ ಮಾತು. ಕೇಂದ್ರ ಸರಕಾರವೂ 2020ರಲ್ಲಿ ಜೇನು ಸಾಕಣೆಗೆಂದು 500 ಕೋಟಿ ರೂಪಾಯಿಯ ಯೋಜನೆ ಸಾರಿತು.

ಹೊಲ ಇದ್ದವರು ಹೊಲದಾಗ ಪೆಟ್ಟಿಗೆ ಇಡುತ್ತಾರೆ. ಹೊಲ ಇಲ್ಲದವರಿಗೆ ಇರುವುದು ಮನೆಯ ಹಿತ್ತಲ ಒಂದೇ. ಅಲ್ಲಿ ಇಟ್ಟರೆ ಬಾಜೂ ಮನೆಯವರು, "ಸಣ್ಣ ಹುಡುಗರು ಅದಾವ, ದನ ಕಟ್ಟೀವಿ, ಪೆಟ್ಟಿಗಿ ತಗೀರಿ" ಅನ್ನುತ್ತಾರೆ. ಇಬ್ಬರ ಮಾತೂ ಖರೆ. ಜನ ಹೆಚ್ಚಾಗಿ ಅಂಜುವುದು ಹೆಜ್ಜೇನಿಗೆ. ಅದು ಪೆಟ್ಟಿಗೆಯಲ್ಲಿ ಸಾಕುವ ಹುಳವಲ್ಲ. ಪೆಟ್ಟಿಗೆಯ ತುಡುವೆ ಜೇನು ಅದಕ್ಕಿಂತ ಸಾಧು. ಆದರೂ ಕೆಣಕಿದರೆ ಅದೂ ಕಡಿಯುತ್ತದೆ.

ಅಮೇರಿಕದ ನ್ಯೂಯಾರ್ಕ್ ಶಹರದೊಳಗೆ ಜೇನು ಸಾಕಲು ಮೊದಲು ಬಂದಿ ಇತ್ತು. 2010ರಲ್ಲಿ ಬಂದಿ ತೆಗೆದು, ಪೆಟ್ಟಿಗೆ ನೋಂದಣಿ ಮಾಡಿಸಬೇಕು, ಹುಳಕ್ಕೆ ನೀರಿಡಬೇಕು, ನೆರೆಯವರಿಗೆ ಕಾಟ ಆಗಬಾರದು ಎಂದು ನಿಯಮ ಮಾಡಿದರು. ಅಷ್ಟು ದೊಡ್ಡ ಊರಿಗೆ ಆಗಿದ್ದು ನಮಗೆ ಯಾಕೆ ಆಗಬಾರದು? ನಾವು ಸಭೆಯ ಮುಂದಿಡುವ ಕಟ್ಟಳೆಗಳು ಇವು:

1. ಇಡುವ ಮೊದಲು ಅಕ್ಕಪಕ್ಕದ ಮನೆಗಳ ಒಪ್ಪಿಗೆ ಪಡೆಯಬೇಕು. ಹುಳ ಕಡಿದರೆ ಉಸಿರು ಕಟ್ಟುವಂಥವರು ಅಲ್ಲಿದ್ದರೆ ಆ ಜಾಗ ಬೇಡ.

2. ಒಂದು ಹಿತ್ತಲಕ್ಕೆ ಎರಡೇ ಪೆಟ್ಟಿಗೆ. ಹೆಚ್ಚಿದ್ದರೆ, ಹೊಲ ಇದ್ದ ಸದಸ್ಯರು ಬದುವಿನ ಮೇಲೆ ಜಾಗ ಕೊಡಬೇಕು.

3. ಪೆಟ್ಟಿಗೆಯ ಬಾಯಿ ದಾರಿ, ದನದ ಕೊಟ್ಟಿಗೆ ಕಡೆ ಇರಬಾರದು. ಮುಂದೆ ಆಳೆತ್ತರದ ಬೇಲಿ ಇದ್ದರೆ ಹುಳ ಮೇಲಕ್ಕೇರಿ ನಮ್ಮ ತಲೆ ಮೇಲಿಂದ ಹೋಗುತ್ತವೆ.

4. ಬೇಸಿಗೆಯಲ್ಲಿ ಹತ್ತಿರವೇ ಬೋಗುಣಿಯಲ್ಲಿ ಕಲ್ಲು ಹಾಕಿ ನೀರಿಡಬೇಕು. ಇಲ್ಲದಿದ್ದರೆ ಹುಳ ಊರ ನಳಕ್ಕೆ, ದನದ ಬಾನಿಗೆ ಮುತ್ತುತ್ತವೆ.

5. ಗೊತ್ತಿಲ್ಲದ ಕಡೆಯಿಂದ ಹುಳ ತರಬಾರದು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಹರಡಿ ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆಗಳು ಬರಿದಾದವು.

6. ಬೆಳೆಗೆ ಎಣ್ಣೆ ಹೊಡೆಯುವವರು ಹಿಂದಿನ ದಿನವೇ ತಿಳಿಸಬೇಕು. ಹುಳ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬೇಕು.

ಹುಳ ಕಡಿದರೆ ತಡಮಾಡದೆ ಉಗುರಿನಿಂದ ಮುಳ್ಳು ಕೆರೆದು ತೆಗೆಯಿರಿ. ಮುಖ ಬಾತು ಉಸಿರು ಕಟ್ಟಿದರೆ ಮನೆ ಔಷಧ ಮಾಡುತ್ತ ಕೂಡಬೇಡಿ, ಕೂಡಲೇ ದವಾಖಾನೆಗೆ ಒಯ್ಯಿರಿ.

ಪೆಟ್ಟಿಗೆಗಳ ಲೆಕ್ಕ ಬರೆಯಲು ಸಂಘದಲ್ಲಿ ಒಂದು ವಹಿ ಇಡೋಣ. ತಂಟೆ ಬಂದರೆ ಮೊದಲು ಸಂಘದಲ್ಲಿ ಕೂತು ಬಗೆಹರಿಸೋಣ. ಆಗದಿದ್ದರೆ ಗ್ರಾಮ ಪಂಚಾಯತಿ ಇದ್ದೇ ಇದೆ. ಬಡವನ ಪೆಟ್ಟಿಗೆಯೂ ಉಳಿಯಬೇಕು, ನೆರೆಯವರ ಕೂಸೂ ನಿರ್ಭಯವಾಗಿ ಆಡಬೇಕು. ಸಹಕಾರ ಅಂದರೆ ನಮ್ಮ ತಿಳುವಳಿಕೆಗೆ ಇದೇ. ಸದಸ್ಯರು ವಿಚಾರ ಮಾಡಿ ಠರಾವು ಮಾಡಬೇಕೆಂದು ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.