ಮಣ್ಣೆತ್ತು ಮಾಡುವ ಕೈಗೆ ಮುಖವಾಡ ಹೊಸದಲ್ಲ
(ಅಲಖನೂರ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತು ಬಿಟ್ಟು ಈ ಹೊತ್ತು ಹುಲಿ, ಎತ್ತು, ಕರಡಿಗಳ ಮುಖವಾಡದ ಮಾತು ಆಡಲು ನಿಂತಿದ್ದೇನೆ. ಕೆಲವರು ನಗುತ್ತಿದ್ದೀರಿ. ನಗಿರಿ, ಆದರೆ ಕಾರಣವನ್ನೂ ಕೇಳಿರಿ. ಒಂದು ಊರಿನ ಶಾಲೆಯಲ್ಲಿ ಗಣರಾಜ್ಯ ದಿನಕ್ಕೆ ಪ್ರಾಣಿಗಳ ಆಟ ಗೊತ್ತುಮಾಡಿದ್ದರು. ಪೇಟೆಯಿಂದ ಮುಖವಾಡ ಕೊಂಡುತಂದ ಮಕ್ಕಳು ಕುಣಿದರು. ಕೂಲಿಯವರ ಮಗಳೊಬ್ಬಳು ಮುಖವಾಡವಿಲ್ಲದ್ದರಿಂದ ಗೋಡೆಗೆ ಆತು ನಿಂತಳು. ಕುಣಿತವೇನೋ ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಆ ಮೇಲೆ ನಾನು ಈ ಕೆಲಸ ಕಲಿತೆ.

ನಿಮಗಿದು ಹೊಸ ವಿದ್ಯೆಯೇನಲ್ಲ. ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ಮಣ್ಣೆತ್ತು ಕೂಡ್ರಿಸಿ ಪೂಜಿಸುತ್ತೀರಿ. ಕುಂಬಾರರು ತಂದುಕೊಟ್ಟರೆ ಕಾಳು ನೀಡುತ್ತೀರಿ, ಇಲ್ಲವೇ ಮಕ್ಕಳೇ ಮಣ್ಣು ಕಲಸಿ ಮಾಡುತ್ತಾರೆ. ಮೊಹರಮ್ಮಿನ ಹುಲಿವೇಷವನ್ನು ಜಾತಿಮತ ನೋಡದೆ ಊರೆಲ್ಲ ನಿಂತು ನೋಡುತ್ತದೆ. ನಮ್ಮ ಜಿಲ್ಲೆಯ ಗೋಕಾಕ ಬಣ್ಣದ ಗೊಂಬೆಗಳಿಗೆ ಹೆಸರಾದ ಊರು. ಕೊಪ್ಪಳದ ಕಿನ್ನಾಳದವರು ಹುಣಸೆಬೀಜದ ಅಂಟನ್ನೇ ನೆಚ್ಚಿ ಗೊಂಬೆ ಮಾಡುತ್ತಾರೆ. ತುಳುನಾಡಿನಲ್ಲಿ ಪಂಜುರ್ಲಿ ದೈವಕ್ಕೆ ಹಂದಿಯ ಮೋರೆಯ ಮುಖವಾಡವುಂಟು. ಅದು ಪೂಜೆಯ ವಸ್ತು. ಮಕ್ಕಳ ಆಟಕ್ಕೆ ಅದನ್ನು ಹೋಲಿಸಿ ಮಾಡುವುದು ಬೇಡ.

ಈಗ ಕೆಲಸಕ್ಕೆ ಬರೋಣ. ಹಲಗೆಯ ಮೇಲೆ ಹದವಾದ ಜಿಗುಟು ಮಣ್ಣಿನಿಂದ ಎತ್ತಿನ ಮೋರೆಯನ್ನು ಉಬ್ಬಾಗಿ ತಿದ್ದಿರಿ. ಅಳತೆ ಮಗುವಿನ ಮುಖಕ್ಕಿಂತ ಎರಡು ಬೆರಳು ಹೆಚ್ಚಿರಲಿ. 1 ಬಟ್ಟಲು ಗೋದಿಹಿಟ್ಟಿಗೆ 5 ಬಟ್ಟಲು ನೀರು ಹಾಕಿ, ಗಂಟಾಗದಂತೆ ತಿರುವುತ್ತ ಕುದಿಸಿದರೆ ಅಂಟು ಸಿದ್ಧ. ರದ್ದಿ ಕಾಗದವನ್ನು ಕತ್ತರಿಸದೆ ಕೈಯಿಂದ ಹರಿಯಿರಿ; ಹರಿದ ಅಂಚು ಒಂದರೊಳಗೊಂದು ಕೂಡುತ್ತದೆ. ಮೊದಲನೆಯ ಪದರಕ್ಕೆ ಅಂಟು ಬೇಡ, ಬರೀ ನೀರಿನಲ್ಲಿ ತೊಯ್ಸಿದ ಬಿಳಿ ಕಾಗದ ಸಾಕು. ಇದನ್ನು ಮರೆತರೆ ಕಾಗದ ಮಣ್ಣಿಗೇ ಹತ್ತಿಕೊಂಡು ಕೂಡ್ರುತ್ತದೆ. ಅದರ ಮೇಲೆ ಅಂಟು ಸವರಿದ 6 ಅಥವಾ 7 ಪದರ ಕೊಡಿರಿ. ಅವಸರ ಮಾಡಿ ಬಿಸಿಲಿಗಿಟ್ಟರೆ ಸೊಟ್ಟಾಗುತ್ತದೆ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮೆಲ್ಲಗೆ ಎಬ್ಬಿಸಿರಿ. ಕೋಡಿಗೆ ಕಾಗದದ ಸುರುಳಿ ಸಾಕು.

ಕಣ್ಣಿನ ಕಿಂಡಿ ದೊಡ್ಡದಿರಲಿ. ನಾನು ಮಾಡಿದ ಮೊದಲ ಎತ್ತಿಗೆ ಚೆಂದ ಕಾಣಲೆಂದು ಸಣ್ಣ ಕಣ್ಣು ಕೊರೆದಿದ್ದೆ. ಹಾಕಿಕೊಂಡ ಹುಡುಗ ಬಾಗಿಲ ಚೌಕಟ್ಟಿಗೆ ಹಾದು ಹಣೆ ಒಡೆದುಕೊಂಡ. ಅವನ ತಾಯಿ ಆಡಿದ ಮಾತು ಇಲ್ಲಿ ಹೇಳುವಂಥದಲ್ಲ. ಮೂಗು ಬಾಯಿಗೂ ಗಾಳಿ ಆಡಬೇಕು.

ಹುಳ ಬೀಳದಿರಲೆಂದು ಕೆಲವರು ಅಂಟಿಗೆ ಮೈಲುತುತ್ತ ಕೂಡಿಸುತ್ತಾರೆ. ಅದು ವಿಷ, ಮಗುವಿನ ಬಾಯಿಗೆ ತಾಕುವ ವಸ್ತುವಿಗೆ ಸಲ್ಲದು. ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿಯನ್ನೂ ತೆಗೆಯಬೇಡಿರಿ. ಹಳೆಯ ಬಣ್ಣಗಳಲ್ಲಿ ಸೀಸ ಬಹಳ ಇರುತ್ತಿತ್ತು. 2016ರ ನಿಯಮವು ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ಗೊತ್ತುಪಡಿಸಿತು. ನಮಗೆ ಕೆಮ್ಮಣ್ಣು, ಅರಿಷಿಣ, ದೀಪದ ಮಸಿ ಇದ್ದರೆ ಹುಲಿಯೂ ಆಯಿತು, ಎತ್ತೂ ಆಯಿತು.

ಇನ್ನು ಹಂಚುವ ಮಾತು. ಮುಖವಾಡವನ್ನು ಮಾಡಿದವರ ಮನೆಯಲ್ಲಿ ಇಟ್ಟುಕೊಂಡರೆ ಗೋಡೆಗೆ ಆತು ನಿಂತ ಹುಡುಗಿ ಅಲ್ಲಿಯೇ ನಿಲ್ಲುತ್ತಾಳೆ. ಆದುದರಿಂದ ಎಲ್ಲವೂ ಊರ ಪೆಟ್ಟಿಗೆಗೆ ಬರಲಿ. ಪೆಟ್ಟಿಗೆ ಒಣ ಜಾಗದಲ್ಲಿರಲಿ, ಒಳಗೆ ಬೇವಿನ ಒಣಗಿದ ಎಲೆ ಹಾಕಿರಿ. ಬೇಕಾದವರು ಹೆಸರು ಬರೆಯಿಸಿ ಒಯ್ಯಲಿ, ಹರಿದರೆ ಹರಿದವರೇ ಕಾಗದ ಹಚ್ಚಿ ಕೊಡಲಿ. ಯಾರ ಮಗುವಿಗೆ ಯಾವ ಪ್ರಾಣಿ ಎಂಬುದನ್ನು ದೊಡ್ಡವರು ಗೊತ್ತುಮಾಡಬಾರದು. ಗೌಡರ ಮಗನಿಗೇ ಹುಲಿ ಎಂದರೆ ಪೆಟ್ಟಿಗೆ ಮಾಡಿ ಏನು ಬಂತು?

ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಮಣ್ಣನ್ನು ಚೆಲ್ಲದೆ ಹಸಿ ಅರಿವೆಯಲ್ಲಿ ಸುತ್ತಿಡಿರಿ. ಮರುದಿನ ಮಕ್ಕಳನ್ನು ಕರೆದುಕೊಂಡು ಶಾಲೆಯ ಕಟ್ಟೆಗೆ ಬನ್ನಿರಿ. ರದ್ದಿ ಕಾಗದ ನಾನು ತರುತ್ತೇನೆ, ಹಿಟ್ಟು ನಿಮ್ಮದು.