ಬೀದಿಗೆ ತೆರೆದಿದ್ದ ಬಾಗಿಲು



ಇಂಗ್ಲೆಂಡಿನ ಹಳ್ಳಿಗಳಲ್ಲಿ ಖಾಸಗಿ ಮನೆಯಾಗಿ ಮಾರ್ಪಟ್ಟ ಹಳೆಯ ತಂಗುಮನೆಗಳ ಗುರುತು ಹಿಡಿಯುವುದು ಕಷ್ಟವಲ್ಲ. ಓಕ್ ಮರದ ಚೌಕಟ್ಟು, ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ಹಲವೆಡೆ ಕುದುರೆಗಾಡಿ ಹಾಯುವಷ್ಟು ಅಗಲದ ಕಮಾನು, ಬೀದಿಯಿಂದಲೇ ಬಿಯರ್ ಪೀಪಾಯಿ ಇಳಿಸುತ್ತಿದ್ದ ನೆಲಮಾಳಿಗೆ. ಕೂಲಿಯವರಿಗೊಂದು ಕೋಣೆ, ಉಳ್ಳವರಿಗೆ ಇನ್ನೊಂದು. ವರ್ಗಭೇದ ನಕ್ಷೆಯಲ್ಲೇ ಇತ್ತೆನ್ನಿ. ಆದರೂ ಸೂರು ಒಂದೇ.

ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದರೆ ತೊಲೆಯೊಂದನ್ನು ಕೀಳಲೂ ಅನುಮತಿ ಬೇಕು. ಆ ತೊಲೆಯ ಕೆಳಗೆ ಯಾರು ಕೂರಬಹುದೆಂದು ಪಟ್ಟಿ ಕೇಳುವುದಿಲ್ಲ. ಸಮುದಾಯದ ಆಸ್ತಿಯೆಂದು ನಮೂದಾದ ಪಬ್ ಮಾರಾಟಕ್ಕೆ ಬಂದಾಗ ಹಣ ಹೊಂದಿಸಿಕೊಳ್ಳಲು 2011ರ ಲೋಕಲಿಸಂ ಕಾಯಿದೆ ಊರಿನವರಿಗೆ ಆರು ತಿಂಗಳ ಅವಕಾಶ ಕೊಟ್ಟಿತು. ಅವರಿಗೇ ಮಾರಬೇಕೆಂದು ಮಾಲೀಕರನ್ನು ಅದು ಒತ್ತಾಯಿಸಲಿಲ್ಲ.